ಕಡ್ಡಿ ತುಂಬಿದ್ದರೂ ನೆಟ್ ಓಡದಿರುವುದೇಕೆ? ಹುಬ್ಬಳ್ಳಿ–ಧಾರವಾಡದ ಸೆಲ್‌ಗಳ ನಡುವಿನ ಗದ್ದಲ

"ಕಡ್ಡಿ ಪೂರಾ ಅದಾವ, ನೆಟ್ ಮಾತ್ರ ಓಡವಲ್ದು." ಹುಬ್ಬಳ್ಳಿಯ ಯಾವ ಓಣಿಗೆ ಹೋದರೂ ಕಿವಿಗೆ ಬೀಳುವ ದೂರು ಇದು. ಅದರ ಬೆನ್ನಿಗೇ ಬರುವ ಬೇಡಿಕೆಯೂ ಎಲ್ಲ ಕಡೆ ಒಂದೇ: ಇನ್ನೊಂದು ಟವರ್ ಹಾಕಿಸಿ. ಹೊಲದ ನಡುವಿನ ಹಳ್ಳಿಯಲ್ಲಿ ಈ ಬೇಡಿಕೆ ನ್ಯಾಯವಾದದ್ದೇ. ಆದರೆ ವಿದ್ಯಾನಗರ, ಕೇಶ್ವಾಪುರ, ಗೋಕುಲ ರಸ್ತೆ, ಧಾರವಾಡದ ಸಪ್ತಾಪುರದಂಥ ಒತ್ತೊತ್ತಾಗಿ ಬೆಳೆದ ಬಡಾವಣೆಗಳಲ್ಲಿ ಸಿಗ್ನಲ್‌ಗೆ ಬರವಿಲ್ಲ. ಅಲ್ಲಿ ತೊಂದರೆ ಕೊಡುವುದು ಅಗತ್ಯಕ್ಕಿಂತ ಹೆಚ್ಚು ಕಡೆಯಿಂದ ಬಂದು ಒಂದರ ಮೇಲೊಂದು ಬೀಳುವ ಸಿಗ್ನಲ್. ಎಂಜಿನಿಯರುಗಳು ಇದನ್ನು ಇಂಟರ್‌ಫಿಯರೆನ್ಸ್ ಅನ್ನುತ್ತಾರೆ, ನಾವು ಗದ್ದಲ ಅನ್ನೋಣ. ಇದಕ್ಕೆ ಪರಿಹಾರ ಬಹಳ ಸಲ ಶಕ್ತಿ ಏರಿಸುವುದಲ್ಲ, ಇಳಿಸುವುದು. ಆಂಟೆನಾವನ್ನು ಇನ್ನಷ್ಟು ಬಾಗಿಸುವುದು, ಅತಿಯಾಗಿ ಹರಡಿದ ಸೆಲ್ಲನ್ನು, ಅಂದರೆ ಒಂದು ಆಂಟೆನಾ ನೋಡಿಕೊಳ್ಳುವ ಸೀಮೆಯನ್ನು, ಅದರ ಜಾಗಕ್ಕೆ ಕೂರಿಸುವುದು.

ಲೆಕ್ಕ ಹಾಕಿದರೆ ಇದು ಬೇಗ ಅರ್ಥವಾಗುತ್ತದೆ. ಫೋನಿನ ಮೂಲೆಯಲ್ಲಿ ಕಾಣುವ ಕಡ್ಡಿಗಳು ಮುಖ್ಯವಾಗಿ ಆರ್‌ಎಸ್‌ಆರ್‌ಪಿ ಎಂಬ ಅಳತೆಯನ್ನು ತೋರಿಸುತ್ತವೆ, ಅಂದರೆ ನಮ್ಮ ಸೆಲ್‌ನಿಂದ ಬರುವ ಗುರುತಿನ ಸಂಕೇತ ಎಷ್ಟು ಜೋರಾಗಿದೆ ಎಂಬುದನ್ನು. ಇದನ್ನು ಡಿಬಿಎಂನಲ್ಲಿ ಅಳೆಯುತ್ತಾರೆ, ಮೈನಸ್ ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಜೋರು. ಮೈನಸ್ 80 ಡಿಬಿಎಂ ಇದ್ದರೆ ಗಟ್ಟಿ, ಮೈನಸ್ 100 ಸಾಧಾರಣ, ಮೈನಸ್ 115 ದಾಟಿದರೆ ಸೊರಗಿದೆ ಎಂದು ತಿಳಿಯಬಹುದು. ಡೇಟಾ ವೇಗವನ್ನು ನಿರ್ಧರಿಸುವುದು ಬೇರೆಯದೇ ಅಂಕಿ, ಎಸ್‌ಐಎನ್‌ಆರ್. ನಮಗೆ ಬೇಕಾದ ಸಿಗ್ನಲ್ ಬೇಡದ್ದೆಲ್ಲದರ ಮೊತ್ತಕ್ಕಿಂತ ಎಷ್ಟು ಡಿಬಿ ಮೇಲಿದೆ ಎಂಬುದು ಅದರ ಅರ್ಥ. ಈ ಅಂಕಿಗೂ ಕಡ್ಡಿಗಳಿಗೂ ಹೆಚ್ಚು ಸಂಬಂಧವಿಲ್ಲ.

4ಜಿಯಲ್ಲಿ ಸಿಗ್ನಲ್ 15 ಕಿಲೋಹರ್ಟ್ಸ್ ಅಗಲದ ಸಣ್ಣ ಸಣ್ಣ ಪಟ್ಟಿಗಳಲ್ಲಿ ಹೋಗುತ್ತದೆ. ಅಂಥ ಒಂದು ಪಟ್ಟಿಯಲ್ಲಿ ನಿಸರ್ಗ ಸಹಜವಾದ ಉಷ್ಣದ ಸದ್ದು ಸುಮಾರು ಮೈನಸ್ 132 ಡಿಬಿಎಂ. ಫೋನಿನ ಒಳಗಿನ ರಿಸೀವರ್ ತನ್ನ ಕಡೆಯಿಂದ 7 ಡಿಬಿ ಸೇರಿಸುತ್ತದೆ ಎಂದುಕೊಂಡರೆ ಮೈನಸ್ 125. ಈಗ ನವಲಗುಂದದ ಕಡೆ ಎರಿ ಹೊಲದ ನಡುವೆ ನಿಂತ ರೈತನ ಫೋನನ್ನು ನೆನೆಯಿರಿ. ಟವರ್ ದೂರ, ಆರ್‌ಎಸ್‌ಆರ್‌ಪಿ ಮೈನಸ್ 105, ಎರಡೇ ಕಡ್ಡಿ. ಆದರೆ ಸುತ್ತ ಬೇರೆ ಸೆಲ್ ಇಲ್ಲ. ಎಸ್‌ಐಎನ್‌ಆರ್ 20 ಡಿಬಿ. ಇನ್ನು ವಿದ್ಯಾನಗರದ ಮೂರನೆಯ ಮಾಳಿಗೆಯ ಒಂದು ಕೋಣೆ: ನಮ್ಮ ಸೆಲ್ ಮೈನಸ್ 85, ಎದುರಿನ ಕಟ್ಟಡದ ಮೇಲಿನದು ಮೈನಸ್ 86, ಹಿಂದಿನ ಬೀದಿಯದು ಮೈನಸ್ 90. ಕಡ್ಡಿ ತುಂಬಿವೆ. ಬೇಡದ ಎರಡನ್ನೂ ಕೂಡಿಸಿದರೆ ಮೈನಸ್ 84.5 ಆಗುತ್ತದೆ. ಆ ಎರಡೂ ಸೆಲ್‌ಗಳು ತುಂಬು ಕೆಲಸದಲ್ಲಿರುವ ಹೊತ್ತಿಗೆ ಇಲ್ಲಿ ಎಸ್‌ಐಎನ್‌ಆರ್ ಸೊನ್ನೆಗಿಂತ ಅರ್ಧ ಡಿಬಿ ಕೆಳಗೆ ಇಳಿದಿರುತ್ತದೆ.

4ಜಿ ಮಾನದಂಡದ ಮೂಲ ಕೋಷ್ಟಕದ ಪ್ರಕಾರ 20 ಡಿಬಿಗೆ ಆಸುಪಾಸಿನ ಸಿಗ್ನಲ್‌ನಲ್ಲಿ ಪ್ರತಿ ಸಂಕೇತಕ್ಕೆ ಸುಮಾರು 5.5 ಬಿಟ್ ಸಾಗಿಸಬಹುದು. ಸೊನ್ನೆಯ ಸುತ್ತ ಅದು 0.6 ಬಿಟ್‌ಗೆ ಇಳಿಯುತ್ತದೆ. ಅಂದರೆ ಅಷ್ಟೇ ಜಾಗ, ಅಷ್ಟೇ ಹೊತ್ತು, ಆದರೆ ಹೊಲದಲ್ಲಿ ಎರಡು ಕಡ್ಡಿಯ ಫೋನಿಗೆ ಸಿಗುವುದು ನಗರದಲ್ಲಿ ಐದು ಕಡ್ಡಿಯ ಫೋನಿಗಿಂತ ಒಂಬತ್ತು ಪಟ್ಟು.

ಈಗ ಕಂಪನಿ ಎಲ್ಲ ಸೆಲ್‌ಗಳ ಶಕ್ತಿಯನ್ನು 3 ಡಿಬಿ, ಅಂದರೆ ಇಮ್ಮಡಿ, ಏರಿಸಿತು ಎನ್ನಿ. ಮೈನಸ್ 85 ಮೈನಸ್ 82 ಆಗುತ್ತದೆ, ಮೈನಸ್ 84.5 ಮೈನಸ್ 81.5 ಆಗುತ್ತದೆ. ವ್ಯತ್ಯಾಸ ಮೊದಲಿನಷ್ಟೇ. ಗಣೇಶನ ಹಬ್ಬದಲ್ಲಿ ಅಕ್ಕಪಕ್ಕದ ಓಣಿಯ ಎರಡು ಪೆಂಡಾಲ್‌ನವರು ಪೈಪೋಟಿಗೆ ಬಿದ್ದು ಸ್ಪೀಕರ್ ಏರಿಸಿದಂತೆ; ನಡುವಿನ ಮನೆಯವರಿಗೆ ಯಾವ ಹಾಡೂ ತಿಳಿಯುವುದಿಲ್ಲ. ಕರೆಂಟ್ ಬಿಲ್ ಮಾತ್ರ ಏರಿತು.

ಹಾಗಾದರೆ ಅಕ್ಕಪಕ್ಕದ ಸೆಲ್‌ಗಳಿಗೆ ಬೇರೆ ಬೇರೆ ತರಂಗಾಂತರ ಕೊಡಬಾರದೇ? 2ಜಿಯಲ್ಲಿ ಹಾಗೇ ಮಾಡುತ್ತಿದ್ದರು. 200 ಕಿಲೋಹರ್ಟ್ಸ್‌ನ ವಾಹಕಗಳನ್ನು 9 ಅಥವಾ 12 ಗುಂಪು ಮಾಡಿ, ಒಂದು ಗುಂಪು ಪಕ್ಕದಲ್ಲೇ ಮತ್ತೆ ಬಾರದಂತೆ ನಕ್ಷೆಯ ಮೇಲೆ ಹಂಚುತ್ತಿದ್ದರು. ಅದರ ಬೆಲೆಯೆಂದರೆ ಒಂದೊಂದು ಸೆಲ್ಲಿಗೆ ಸಿಗುವುದು ಒಟ್ಟು ಸ್ಪೆಕ್ಟ್ರಮ್‌ನ ಒಂಬತ್ತನೆಯ ಅಥವಾ ಹನ್ನೆರಡನೆಯ ಪಾಲು ಮಾತ್ರ. ಮಾತಿಗೆ ಅದು ಸಾಕಿತ್ತು, ವಿಡಿಯೋಗೆ ಸಾಲದು. 4ಜಿ ಮತ್ತು 5ಜಿಯಲ್ಲಿ ಪ್ರತಿ ಸೆಲ್ಲೂ ಪೂರ್ತಿ ಸ್ಪೆಕ್ಟ್ರಮ್ ಬಳಸುತ್ತದೆ. ಹಾಗಾಗಿ ಗಡಿಯಲ್ಲಿ ಗದ್ದಲ ಇದ್ದೇ ಇರುತ್ತದೆ. ಆ ಗಡಿಯನ್ನು ಎಷ್ಟು ಕಿರಿದು ಮಾಡಬಹುದು ಎಂಬುದರಲ್ಲೇ ಕಸುಬಿನವರ ಜಾಣ್ಮೆ ಇರುವುದು.

ಬಾಗಿಸುವ ಲೆಕ್ಕ

ಹುಬ್ಬಳ್ಳಿ–ಧಾರವಾಡದ ನೆಲ ಈ ಕೆಲಸಕ್ಕೆ ಸುಲಭದ್ದಲ್ಲ. ಪಶ್ಚಿಮಕ್ಕೆ ಧಾರವಾಡ ಮಲೆನಾಡಿನ ಸೆರಗು, ಏರು ತಗ್ಗುಗಳ ಊರು. ಪೂರ್ವಕ್ಕೆ ಅಣ್ಣಿಗೇರಿ, ನವಲಗುಂದ, ಗದಗದ ದಿಕ್ಕಿಗೆ ಚಾಪೆ ಹಾಸಿದಂಥ ಎರಿ ಬಯಲು. ಗುಡ್ಡದ ನೆತ್ತಿಯಲ್ಲಿ ನಿಂತ ಆಂಟೆನಾದ ಸಿಗ್ನಲ್ ಬಯಲಿನ ಮೇಲೆ ತಡೆಯಿಲ್ಲದೆ ಹರಿಯುತ್ತದೆ.

ಒಂದು ಸೆಕ್ಟರ್ ಆಂಟೆನಾವನ್ನೇ, ಅಂದರೆ ಟವರ್‌ನ ಒಂದು ದಿಕ್ಕನ್ನು ನೋಡಿಕೊಳ್ಳುವ ಆಂಟೆನಾವನ್ನೇ, ಹತ್ತಿರದಿಂದ ನೋಡೋಣ. ಅಡ್ಡಕ್ಕೆ ಸುಮಾರು 65 ಡಿಗ್ರಿ ಹರವು, ಉದ್ದಕ್ಕೆ ಸುಮಾರು 7 ಡಿಗ್ರಿ. 30 ಮೀಟರ್ ಎತ್ತರದಲ್ಲಿ 4 ಡಿಗ್ರಿ ಕೆಳಗೆ ಬಾಗಿಸಿದ್ದಾರೆ ಎಂದುಕೊಳ್ಳಿ. ಕಿರಣದ ನಡುಭಾಗ ನೆಲ ಮುಟ್ಟುವುದು 429 ಮೀಟರ್ ದೂರದಲ್ಲಿ, ನಗರಕ್ಕೆ ಸರಿಯಾಗಿದೆ ಅನ್ನಿಸುತ್ತದೆ. ಆದರೆ ಕಿರಣದ ಮೇಲಂಚು, ಅಂದರೆ ಶಕ್ತಿ ಅರ್ಧಕ್ಕಿಳಿಯುವ ಗೆರೆ, ಅರ್ಧ ಡಿಗ್ರಿಯಲ್ಲಿದೆ. ಅದು ನೆಲ ಮುಟ್ಟುವುದು 3.4 ಕಿ.ಮೀ. ಆಚೆ. ನಡುವೆ ಇರುವ ಐದಾರು ಟವರುಗಳ ತಲೆಯ ಮೇಲಿಂದ ಹಾದುಹೋಗಿ ಅವೆಲ್ಲದರ ಸೀಮೆಯಲ್ಲಿ ಇದು ಗದ್ದಲ ಎಬ್ಬಿಸುತ್ತದೆ. ಅದೇ ಆಂಟೆನಾವನ್ನು 7 ಡಿಗ್ರಿಗೆ ಬಾಗಿಸಿದರೆ ನಡುಭಾಗ 244 ಮೀಟರಿಗೆ, ಮೇಲಂಚು 490 ಮೀಟರಿಗೆ ಬರುತ್ತದೆ. ಬರೀ ಮೂರು ಡಿಗ್ರಿ. ಟವರುಗಳ ನಡುವೆ ಅರ್ಧ ಕಿ.ಮೀ. ಅಂತರ ಇರುವ ಬಡಾವಣೆಯಲ್ಲಿ ಅದರ ಪರಿಣಾಮ ಹಗಲು ರಾತ್ರಿಯಷ್ಟು ಬೇರೆ.

ಇದೇ ಆಂಟೆನಾ ಸುತ್ತಲಿನ ನೆಲಕ್ಕಿಂತ 60 ಮೀಟರ್ ಎತ್ತರದ ದಿಬ್ಬದ ಮೇಲಿದ್ದರೆ ಲೆಕ್ಕಕ್ಕೆ ಹಿಡಿಯಬೇಕಾದ ಎತ್ತರ 90 ಮೀಟರ್. ಆಗ 4 ಡಿಗ್ರಿ ಬಾಗಿಸಿದರೂ ಮೇಲಂಚು 10 ಕಿ.ಮೀ. ದಾಟುತ್ತದೆ. ಧಾರವಾಡದ ಎತ್ತರದ ಭಾಗಗಳಲ್ಲಿ ಕೆಳಗಿನ ಊರಿನ ಮಾದರಿಯಲ್ಲೇ 'ಎಲ್ಲದಕ್ಕೂ ನಾಲ್ಕು' ಎಂದು ಬಾಗಿಸಿಟ್ಟು ಬಂದರೆ ಆಗುವ ಎಡವಟ್ಟು ಇದೇ. ಹುಬ್ಬಳ್ಳಿಯ ನೃಪತುಂಗ ಬೆಟ್ಟದಲ್ಲಿ ಇದರ ತಿರುಗುಮುರುಗು: ಅಲ್ಲಿ ಎತ್ತರದಲ್ಲಿರುವುದು ಫೋನು. ಊರಿನ ಹತ್ತಾರು ಸೆಲ್‌ಗಳು ಒಟ್ಟಿಗೆ ಕಣ್ಣಿಗೆ ಬೀಳುತ್ತವೆ, ಯಾವುದೂ ಮಿಕ್ಕವುಗಳಿಗಿಂತ ಜೋರಾಗಿರುವುದಿಲ್ಲ. ಅಂಥ ಕಡೆ ಬೇಕಾದದ್ದು ಆ ಜಾಗಕ್ಕೇ ಒಡೆಯನಾಗಬಲ್ಲ ಒಂದು ಸೆಲ್, ಮಿಕ್ಕವುಗಳಿಗಿಂತ 6ರಿಂದ 10 ಡಿಬಿ ಮೇಲೆ ನಿಲ್ಲುವಂಥದ್ದು. ಎಂಟನೆಯ, ಹತ್ತನೆಯ ಮಾಳಿಗೆಯ ಅಪಾರ್ಟ್‌ಮೆಂಟ್‌ಗಳದ್ದೂ ಇದೇ ಕಥೆ. ನೆಲಮಾಳಿಗೆಯಲ್ಲಿ ಸಿಗ್ನಲ್ ಇಲ್ಲ, ಮೇಲೆ ಹೋದರೆ ಅತಿಯಾಯಿತು.

ಸೆಲ್ ತನ್ನ ಸೀಮೆ ದಾಟಿದೆಯೇ ಎಂದು ತಿಳಿಯಲು ಬೀದಿಗೆ ಇಳಿಯಲೇಬೇಕೆಂದಿಲ್ಲ. 4ಜಿ ಫೋನು ಸೆಲ್‌ನಿಂದ ಎಷ್ಟು ದೂರವಿದೆ ಎಂಬುದಕ್ಕೆ ತಕ್ಕಂತೆ ತನ್ನ ಸಂಕೇತವನ್ನು ಅಷ್ಟು ಮುಂಚಿತವಾಗಿ ಕಳಿಸುತ್ತದೆ; ಇದಕ್ಕೆ ಟೈಮಿಂಗ್ ಅಡ್ವಾನ್ಸ್ ಎಂದು ಹೆಸರು. ಒಂದೊಂದು ಮೆಟ್ಟಿಲೂ ಸುಮಾರು 78 ಮೀಟರ್. 500 ಮೀಟರಿಗೆಂದು ಇಟ್ಟ ಸೆಕ್ಟರ್‌ನಲ್ಲಿ ಹೆಚ್ಚಿನ ಫೋನುಗಳು ಏಳನೆಯ ಮೆಟ್ಟಿಲೊಳಗೆ ಇರಬೇಕು. ಮೂವತ್ತನೆಯ ಮೆಟ್ಟಿಲಿನಲ್ಲಿ, ಅಂದರೆ 2.3 ಕಿ.ಮೀ. ದೂರದಲ್ಲಿ, ಒಂದು ಗುಂಪು ಕಾಣಿಸಿದರೆ ಆ ಸೆಕ್ಟರ್ ತನ್ನದಲ್ಲದ ಊರಿಗೆ ಕೈ ಚಾಚಿದೆ. ಹೀಗೆ ದೂರದಲ್ಲಿ ತೇಲುವ ದ್ವೀಪಗಳೇ ಕರೆ ಕತ್ತರಿಸುವ ಜಾಗಗಳೂ ಆಗಿರುತ್ತವೆ. ಅಲ್ಲಿನ ನಿಜವಾದ ಸೆಲ್‌ಗಳು ಈ ದೂರದವನ ನೆರೆಹೊರೆ ಪಟ್ಟಿಯಲ್ಲಿ ಇರುವುದಿಲ್ಲವಾದ್ದರಿಂದ ಫೋನು ಜಾರಿಕೊಳ್ಳಲು ದಾರಿಯೇ ಇಲ್ಲ.

ಬಾಗಿಸುವುದರಲ್ಲೂ ಎರಡು ಬಗೆ. ಬ್ರಾಕೆಟ್ಟಿನ ಬೋಲ್ಟ್ ಸಡಿಲಿಸಿ ಆಂಟೆನಾವನ್ನೇ ಮುಂದಕ್ಕೆ ಓಲಿಸುವುದು ಮೆಕ್ಯಾನಿಕಲ್ ಟಿಲ್ಟ್. ಒಳಗಿನ ತರಂಗಗಳ ಹಂತವನ್ನು (ಫೇಸ್) ಬದಲಿಸಿ ಕಿರಣವನ್ನಷ್ಟೇ ಇಳಿಸುವುದು ಎಲೆಕ್ಟ್ರಿಕಲ್ ಟಿಲ್ಟ್. ಇದನ್ನು ಪುಟ್ಟ ಮೋಟರ್ ಮೂಲಕ ಕಚೇರಿಯಿಂದಲೇ ಮಾಡಬಹುದು. ಮೊದಲನೆಯದರಲ್ಲಿ ಮುಂದಿನ ಕಿರಣ ಇಳಿದರೂ ಪಕ್ಕಗಳಲ್ಲಿ ಇಳಿಯುವುದಿಲ್ಲ, ಹಿಂಬದಿಯ ಕಿರಣ ಆಕಾಶಕ್ಕೆ ಏಳುತ್ತದೆ. 6–7 ಡಿಗ್ರಿ ಮೆಕ್ಯಾನಿಕಲ್ ಟಿಲ್ಟ್ ಕೊಟ್ಟ ಸೆಕ್ಟರ್ ನಡುವೆ ಕುಗ್ಗಿ ಎರಡೂ ಬದಿಗೆ ಉಬ್ಬುತ್ತದೆ, ಪಕ್ಕದ ಸೆಕ್ಟರ್‌ನ ಜೊತೆ ಗುದ್ದಾಟ ಹೆಚ್ಚುತ್ತದೆ. ಆದ್ದರಿಂದ ಮೊದಲು ಎಲೆಕ್ಟ್ರಿಕಲ್ ಟಿಲ್ಟ್ ಮುಗಿಸಿ, ಸಾಲದಿದ್ದರೆ ಮಾತ್ರ ಬೋಲ್ಟಿಗೆ ಕೈ ಹಾಕುವುದು ಒಳ್ಳೆಯ ಕ್ರಮ. ಒಂದು ಸಲಕ್ಕೆ ಒಂದೆರಡು ಡಿಗ್ರಿ ಇಳಿಸಿ, ಒಂದು ವಾರ ಬಿಟ್ಟು ವಾರದ ದಿನಗಳನ್ನು ವಾರದ ದಿನಗಳಿಗೇ ಹೋಲಿಸಿ ನೋಡಬೇಕು. ಮೂರು ಸೆಕ್ಟರ್‌ಗಳನ್ನು ಒಂದೇ ರಾತ್ರಿ ತಿರುವಿದರೆ ಯಾವುದರಿಂದ ಏನಾಯಿತೆಂದು ಯಾರಿಗೂ ತಿಳಿಯದು. ಅತಿಯಾಗಿ ಬಾಗಿಸಿದರೂ ಕಷ್ಟವೇ: ಸೆಲ್‌ಗಳ ನಡುವೆ ಬಿರುಕು ಬಿದ್ದು, ಮೊದಲು ಗದ್ದಲ ಇದ್ದ ಮನೆಯೊಳಗೆ ಈಗ ಏನೂ ಇಲ್ಲದಂತಾಗುತ್ತದೆ.

ದಿಕ್ಕಿನದ್ದೂ ಒಂದು ಮಾತು. ಸೆಕ್ಟರ್‌ನ ದಿಕ್ಕನ್ನು ಟವರ್‌ನ ಕಬ್ಬಿಣಕ್ಕೆ ಆನಿಸಿಕೊಂಡು ದಿಕ್ಸೂಚಿಯಲ್ಲಿ ಅಳೆದರೆ ಸೂಜಿ ಸುಳ್ಳು ಹೇಳುತ್ತದೆ. ಹತ್ತು ಹದಿನೈದು ಹೆಜ್ಜೆ ದೂರ ನಿಂತು ಅಳೆಯಬೇಕು. ಕಾಗದದ ಮೇಲೆ 120 ಡಿಗ್ರಿ ಎಂದಿದ್ದದ್ದು ನಿಜದಲ್ಲಿ 150 ನೋಡುತ್ತಿದ್ದರೆ, ಕಚೇರಿಯಲ್ಲಿ ಕುಳಿತು ಎಷ್ಟು ಪ್ಲಾನ್ ಮಾಡಿದರೂ ವ್ಯರ್ಥ. ಕೇಬಲ್ ಅದಲುಬದಲಾಗಿ ಒಂದನೆಯ ಸೆಕ್ಟರ್‌ನ ಗುರುತು ಎರಡನೆಯದರಿಂದ ಹೊರಡುವುದೂ ಆಗಾಗ ಆಗುವಂಥದ್ದೇ. ಟವರ್ ಸುತ್ತ ಒಂದು ಸುತ್ತು ಗಾಡಿಯಲ್ಲಿ ಬಂದರೆ ಸಾಕು, ಸಿಕ್ಕಿಬೀಳುತ್ತದೆ.

ಮೂರರಿಂದ ಭಾಗಿಸಿ ನೋಡಿ

ಪ್ರತಿ 4ಜಿ ಸೆಲ್ಲಿಗೂ 0ಯಿಂದ 503ರವರೆಗಿನ ಒಂದು ಸಂಖ್ಯೆ ಕೊಡುತ್ತಾರೆ, ಅದೇ ಪಿಸಿಐ. ಒಟ್ಟು 504 ಮಾತ್ರ, ಆದ್ದರಿಂದ ಊರಲ್ಲಿ ಅವು ಮತ್ತೆ ಮತ್ತೆ ಬರುತ್ತವೆ. ಈ ಸಂಖ್ಯೆಯನ್ನು ಮೂರರಿಂದ ಭಾಗಿಸಿದಾಗ ಉಳಿಯುವ ಶೇಷ ಮುಖ್ಯ. ಎರಡು ಆಂಟೆನಾ ಪೋರ್ಟ್‌ಗಳ ಸೆಲ್‌ಗಳಲ್ಲಿ ಶೇಷ ಒಂದೇ ಆದರೆ ಇಬ್ಬರ ಗುರುತಿನ ಸಂಕೇತಗಳೂ ಅದೇ ಪಟ್ಟಿಗಳ ಮೇಲೆ ಬಂದು ಕೂರುತ್ತವೆ. ಉದಾಹರಣೆಗೆ ಗೋಕುಲ ರಸ್ತೆಯ ಎರಡು ಟವರುಗಳ ಎದುರುಬದುರಾದ ಸೆಕ್ಟರ್‌ಗಳಿಗೆ 120 ಮತ್ತು 243 ಎಂದು ಕೊಟ್ಟರೆ ಎರಡರ ಶೇಷವೂ ಸೊನ್ನೆ. ಪಕ್ಕದ ಸೆಲ್‌ನಲ್ಲಿ ಒಬ್ಬನೂ ಡೇಟಾ ಬಳಸದ ನಡುರಾತ್ರಿಯಲ್ಲೂ ಗುರುತಿನ ಸಂಕೇತಗಳು ಒಂದನ್ನೊಂದು ಕೆಡಿಸುತ್ತವೆ, ಫೋನು ಅಳೆಯುವ ಎಸ್‌ಐಎನ್‌ಆರ್ ಏಳುವುದೇ ಇಲ್ಲ. 243ನ್ನು 244 ಮಾಡಿದರೆ ಆ ಜೋಡಿಗೆ ಪರಿಹಾರ ಸಿಗುತ್ತದೆ, ಆದರೆ ಅದೇ ಟವರ್‌ನ ಇನ್ನೆರಡು ಸೆಕ್ಟರ್‌ಗಳ ಸಂಖ್ಯೆಯನ್ನೂ ಸರಿಸಬೇಕು. ಒಂದು ಟವರ್‌ನ ಮೂರು ಸೆಕ್ಟರ್‌ಗಳಿಗೆ 0, 1, 2 ಮೂರೂ ಶೇಷ ಬರಲೇಬೇಕಲ್ಲ. ಮೂರೇ ಶೇಷ ಇರುವುದರಿಂದ ಎಲ್ಲ ಜೋಡಿಗಳನ್ನೂ ತಪ್ಪಿಸಲು ಆಗುವುದಿಲ್ಲ. ಒಬ್ಬರಿಗೊಬ್ಬರು ಮುಖ ಮಾಡಿದ ಜೋಡಿಗಳನ್ನು ತಪ್ಪಿಸಿ, ಬೆನ್ನು ತಿರುಗಿಸಿದ ಜೋಡಿಗಳನ್ನು ಬಿಟ್ಟುಕೊಡುವುದು ವಾಡಿಕೆ.

ಸಂಖ್ಯೆ ಪೂರ್ತಿ ಒಂದೇ ಆದ ಎರಡು ಸೆಲ್‌ಗಳು ಒಂದೇ ಸೆಲ್ಲಿನ ನೆರೆಯಲ್ಲಿದ್ದರೆ ಕೆಲಸ ಇನ್ನೂ ಕೆಡುತ್ತದೆ. ಫೋನು '120 ಜೋರಾಗಿದೆ' ಎಂದು ವರದಿ ಕೊಡುತ್ತದೆ, ನೆಟ್‌ವರ್ಕ್ ಬೇರೊಂದು 120ಕ್ಕೆ ಕರೆಯನ್ನು ಕಳಿಸುತ್ತದೆ, ಕರೆ ಕತ್ತರಿಸುತ್ತದೆ. ದೂರ ಚಾಚಿದ ಸೆಲ್ ಇದ್ದಲ್ಲಿ ಈ ಗೊಂದಲ ಹೆಚ್ಚು. ಹಾಗಾಗಿ ಪಿಸಿಐ ಸರಿಪಡಿಸುವ ಮೊದಲು ಟಿಲ್ಟ್ ಸರಿಪಡಿಸಬೇಕು, ಈ ಕ್ರಮ ತಿರುಗಿಸಿದರೆ ಒಂದೇ ಕೆಲಸ ಎರಡು ಸಲ.

ಹುಬ್ಬಳ್ಳಿ–ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ 22 ಕಿ.ಮೀ. ಹಾದಿಯಲ್ಲಿ ಇದರ ಮತ್ತೊಂದು ಮುಖ ಕಾಣುತ್ತದೆ. ಚಲಿಸುವ ಫೋನು ಸರಿಯಾದ ಹೊತ್ತಿಗೆ ಹೊಸ ಸೆಲ್ಲಿಗೆ ಹಾರದಿದ್ದರೆ ಹೊಸ ಸೆಲ್ಲೇ ಅದರ ಪಾಲಿಗೆ ಗದ್ದಲವಾಗುತ್ತದೆ. ಪಕ್ಕದ ಸೆಲ್ 3 ಡಿಬಿ ಮೇಲಿರಬೇಕು, ಅದು 320 ಮಿಲಿಸೆಕೆಂಡ್ ಹಾಗೇ ಉಳಿಯಬೇಕು ಎಂಬಂಥ ಷರತ್ತುಗಳನ್ನು ಇಟ್ಟಿರುತ್ತಾರೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಬಸ್ಸು ಅಷ್ಟರಲ್ಲಿ ಹೋಗುವುದು ಮೂರೂವರೆ ಮೀಟರ್, ಅದೇನೂ ಹೆಚ್ಚಲ್ಲ. ನೇರ ರಸ್ತೆಯಲ್ಲಿ ಈ ಷರತ್ತು ಸಾಕು. ದೊಡ್ಡ ಕಟ್ಟಡದ ಮೂಲೆ ತಿರುಗುವಲ್ಲಿ ಮಾತ್ರ ಹಳೆಯ ಸೆಲ್ ಕೆಲವೇ ಮೀಟರಿನಲ್ಲಿ 15–20 ಡಿಬಿ ಕುಸಿಯುತ್ತದೆ. ಅಲ್ಲಿ ಆ ಜೋಡಿ ಸೆಲ್‌ಗಳಿಗಷ್ಟೇ ಷರತ್ತು ಸಡಿಲಿಸಬೇಕು. ಊರಿಗೆಲ್ಲ ಸಡಿಲಿಸಿದರೆ ಫೋನುಗಳು ಎರಡು ಸೆಲ್‌ಗಳ ನಡುವೆ ಚೆಂಡಾಡತೊಡಗುತ್ತವೆ.

ಟವರಿಗೆ ಕಿವಿ ಕೇಳಿಸದಾದಾಗ

ಇಷ್ಟು ಹೊತ್ತು ಹೇಳಿದ್ದು ಟವರ್‌ನಿಂದ ಫೋನಿಗೆ ಬರುವ ದಾರಿ. ಫೋನಿನಿಂದ ಟವರಿಗೆ ಹೋಗುವ ದಾರಿಯ ಗದ್ದಲವನ್ನು ಗುರುತಿಸುವವರು ಕಡಿಮೆ. ಲಕ್ಷಣ ಸ್ಪಷ್ಟ: ಕಡ್ಡಿ ತುಂಬಿವೆ, ಎದುರಿನವರ ಮಾತು ನಮಗೆ ಕೇಳುತ್ತದೆ, ನಮ್ಮದು ಅವರಿಗೆ ಕೇಳುವುದಿಲ್ಲ. ಯುಪಿಐ ಪಾವತಿಯ ಚಕ್ರ ತಿರುಗುತ್ತಲೇ ಇರುತ್ತದೆ.

ಫೋನಿನ ಗರಿಷ್ಠ ಶಕ್ತಿ ಸಾಮಾನ್ಯವಾಗಿ 23 ಡಿಬಿಎಂ, ಅಂದರೆ 200 ಮಿಲಿವ್ಯಾಟ್. ಟವರಿಗೂ ಫೋನಿಗೂ ನಡುವೆ 140 ಡಿಬಿ ನಷ್ಟವಾದರೆ ಅಲ್ಲಿಗೆ ತಲುಪುವುದು ಮೈನಸ್ 117. 180 ಕಿಲೋಹರ್ಟ್ಸ್‌ನ ಒಂದು ಬ್ಲಾಕ್‌ನಲ್ಲಿ ಟವರ್‌ನ ಸ್ವಂತ ಸದ್ದು ಸುಮಾರು ಮೈನಸ್ 119. ಎರಡು ಡಿಬಿ ಮೇಲಿದೆ, ಮಾತಿಗೆ ಸಾಕು. ಸದ್ದು 10 ಡಿಬಿ ಏರಿ ಮೈನಸ್ 109 ಆಯಿತೋ, ಆ ಫೋನು ಮುಗಿದಂತೆ. ಟವರ್ ಪಕ್ಕದಲ್ಲಿ ಇರುವವರಿಗೆ ಏನೂ ಆಗುವುದಿಲ್ಲ, ಅಂಚಿನವರಷ್ಟೇ ಉದುರುತ್ತಾರೆ. ಅದಕ್ಕೇ ದೂರು ಕೊಟ್ಟಾಗ ಟವರ್ ಕೆಳಗೆ ನಿಂತು ಪರೀಕ್ಷೆ ಮಾಡಿ 'ಎಲ್ಲಾ ಸರಿ ಐತ್ರಿ' ಎಂದು ಹೋಗುವುದು.

ಸದ್ದು ಏರಿಸುವವರು ಯಾರು? ಮೊದಲನೆಯವರು ಪಕ್ಕದ ಸೆಲ್ಲಿನ ಅಂಚಿನಲ್ಲಿರುವ ಫೋನುಗಳು. ದೂರ ಇದ್ದಷ್ಟೂ ಫೋನು ಶಕ್ತಿ ಏರಿಸುತ್ತದೆ. ಎಷ್ಟು ಏರಿಸಬೇಕೆಂದು ನೆಟ್‌ವರ್ಕ್ ಹೇಳುವ ಒಂದು ಗುಣಕವಿದೆ, ಆಲ್ಫಾ. ಅದು 1 ಆದರೆ ನಷ್ಟವನ್ನು ಪೂರ್ತಿ ತುಂಬಿಕೊಡುವಷ್ಟು ಏರಿಸು ಎಂದರ್ಥ. ಅಂಚಿನವನಿಗೆ ಲಾಭ, ನೆರೆಯ ಸೆಲ್ಲಿಗೆ ನಷ್ಟ. 0.7 ಅಥವಾ 0.8 ಇಟ್ಟರೆ ಅಂಚಿನವನು ಸ್ವಲ್ಪ ಬಿಟ್ಟುಕೊಡುತ್ತಾನೆ, ಒಟ್ಟಾರೆ ಊರಿಗೆ ಒಳ್ಳೆಯದಾಗುತ್ತದೆ. ಒತ್ತೊತ್ತಾದ ಹುಬ್ಬಳ್ಳಿಗೂ ಬಯಲಿನ ಒಂಟಿ ಟವರಿಗೂ ಒಂದೇ ಬೆಲೆ ಇಡುವುದು ಸರಿಯಲ್ಲ.

ಎರಡನೆಯವರು ಬೂಸ್ಟರ್ ಇಟ್ಟುಕೊಂಡವರು. ಮಾಳಿಗೆಯ ಮೇಲೊಂದು ಆಂಟೆನಾ, ಒಳಗೊಂದು ಆಂಟೆನಾ, ನಡುವೆ 60–70 ಡಿಬಿ ವರ್ಧಿಸುವ ಪೆಟ್ಟಿಗೆ. ಎರಡು ಆಂಟೆನಾಗಳ ನಡುವಿನ ತಡೆ ವರ್ಧನೆಗಿಂತ ಕನಿಷ್ಠ 15 ಡಿಬಿ ಹೆಚ್ಚಿರಬೇಕು. ಹೆಂಚಿನ ಮನೆಯಲ್ಲೋ ತೆಳು ಗೋಡೆಯ ಅಂಗಡಿಯಲ್ಲೋ ಅದು ಸಾಧ್ಯವಿಲ್ಲ. ತಡೆ ವರ್ಧನೆಗಿಂತ ಕಡಿಮೆಯಾದರೆ ಪೆಟ್ಟಿಗೆ ತನ್ನ ಸದ್ದನ್ನೇ ತಾನು ಕೇಳಿ ಕೂಗತೊಡಗುತ್ತದೆ. ಹಾಗೆ ಕೂಗದಿದ್ದರೂ ತನ್ನ ಒಳಸದ್ದನ್ನು ಹಗಲಿರುಳು ಟವರಿಗೆ ಬಿತ್ತರಿಸುತ್ತದೆ. ಇಟ್ಟುಕೊಂಡವರ ಮನೆಯಲ್ಲಿ ಐದು ಕಡ್ಡಿ, ಸುತ್ತಲ ಓಣಿಗಳ ಅಂಚಿನ ಮನೆಗಳಲ್ಲಿ ಮೌನ. ಅನುಮತಿ ಇಲ್ಲದ ಬೂಸ್ಟರ್ ಇಡುವುದು, ಮಾರುವುದು ಕಾನೂನಿಗೆ ವಿರುದ್ಧ. ಆನ್‌ಲೈನ್‌ನಲ್ಲಿ ಸಿಗುತ್ತದೆ ಎಂದ ಮಾತ್ರಕ್ಕೆ ಅದು ಸಕ್ರಮವಾಗುವುದಿಲ್ಲ. ಮನೆಯೊಳಗೆ ಸಿಗ್ನಲ್ ಇಲ್ಲದವರಿಗೆ ವೈಫೈ ಕಾಲಿಂಗ್ ಇದಕ್ಕಿಂತ ಅಗ್ಗ, ಯಾರಿಗೂ ಉಪದ್ರವವಿಲ್ಲ.

ಮೂರನೆಯದು ತುಕ್ಕು. ಎರಡು ತರಂಗಾಂತರಗಳು ಸಡಿಲ ಕನೆಕ್ಟರ್ ಅಥವಾ ತುಕ್ಕು ಹಿಡಿದ ಬೋಲ್ಟಿನ ಮೇಲೆ ಕೂಡಿದಾಗ ಹೊಸ ತರಂಗಾಂತರ ಹುಟ್ಟುತ್ತದೆ. 1810 ಮತ್ತು 1860 ಮೆಗಾಹರ್ಟ್ಸ್ ಕೂಡಿದರೆ 1810ರ ಎರಡು ಪಟ್ಟಿನಿಂದ 1860 ಕಳೆದು 1760 ಹುಟ್ಟುತ್ತದೆ, ಅದು ನೇರ 1800ರ ಬ್ಯಾಂಡ್‌ನ ಅಪ್‌ಲಿಂಕ್ ಒಳಗೆ, ಅಂದರೆ ಫೋನಿನಿಂದ ಟವರಿಗೆ ಹೋಗುವ ದಾರಿಯೊಳಗೆ, ಬೀಳುತ್ತದೆ. ಎರಡು ತರಂಗಾಂತರಗಳು ಒಂದೇ ಕಂಪನಿಯವು ಆಗಬೇಕೆಂದೇನಿಲ್ಲ. ಇಬ್ಬರ ಆಂಟೆನಾಗಳ ಮುಂದಿರುವ ಒಂದೇ ಒಂದು ತಗಡಿನ ಶೀಟು ಸಾಕು. ದೊಡ್ಡ 7/16 ಕನೆಕ್ಟರ್‌ಗೆ ಸುಮಾರು 25 ನ್ಯೂಟನ್ ಮೀಟರ್ ಬಿಗಿ ಬೇಕು, ಸಣ್ಣ 4.3-10ಕ್ಕೆ 5 ಸಾಕು. ಟಾರ್ಕ್ ಸ್ಪ್ಯಾನರ್ ಬಿಟ್ಟು ಕೈ ಅಂದಾಜಿನಲ್ಲಿ ಬಿಗಿದ ಕನೆಕ್ಟರ್‌ಗಳು ಮುಂಗಾರಿನ ನೀರು ಕುಡಿದು ಮುಂದಿನ ಬೇಸಿಗೆಗೆ ತೊಂದರೆ ಕೊಡುತ್ತವೆ. ಗುರುತು ಹೀಗಿದೆ: ಬೂಸ್ಟರ್‌ನ ಸದ್ದು ಹಗಲಿರುಳು ಒಂದೇ ಮಟ್ಟದಲ್ಲಿರುತ್ತದೆ, ತುಕ್ಕಿನ ಸದ್ದು ಸೆಲ್ಲಿನಲ್ಲಿ ಜನ ಹೆಚ್ಚಿದಂತೆ ಏರಿ ರಾತ್ರಿ ಇಳಿಯುತ್ತದೆ.

ಭಾರತದಲ್ಲಿ ಇನ್ನೊಂದು ಇಕ್ಕಟ್ಟು ಇದೆ. 800ರ ಬ್ಯಾಂಡ್‌ನಲ್ಲಿ ಟವರ್ ಮಾತಾಡುವುದು 869ರಿಂದ 889 ಮೆಗಾಹರ್ಟ್ಸ್‌ನಲ್ಲಿ; 900ರ ಬ್ಯಾಂಡ್‌ನಲ್ಲಿ ಟವರ್ ಕಿವಿಗೊಡುವುದು 890ರಿಂದ ಮೇಲೆ. ಒಬ್ಬರ ಬಾಯಿ ಇನ್ನೊಬ್ಬರ ಕಿವಿಗೇ ಹತ್ತಿಕೊಂಡಿದೆ. ಒಂದೇ ಟವರಿನಲ್ಲಿ ಎರಡೂ ಇದ್ದರೆ ಒಳ್ಳೆಯ ಫಿಲ್ಟರ್, ಆಂಟೆನಾಗಳ ನಡುವೆ ಮೇಲೆ ಕೆಳಗಿನ ಅಂತರ, ಎರಡೂ ಬೇಕು.

ಪುಸ್ತಕದ ಉಪಾಯಗಳು

ಸೆಲ್‌ಗಳು ತಮ್ಮೊಳಗೇ ಮಾತಾಡಿಕೊಂಡು ಗದ್ದಲ ಹಂಚಿಕೊಳ್ಳುವ ವ್ಯವಸ್ಥೆಯನ್ನು 4ಜಿಯ ಮೊದಲ ಮಾನದಂಡದಲ್ಲೇ, 2008ರ ರಿಲೀಸ್ 8ರಲ್ಲಿ, ಇಟ್ಟಿದ್ದರು. 10 ಮೆಗಾಹರ್ಟ್ಸ್‌ನ 50 ಬ್ಲಾಕ್‌ಗಳಲ್ಲಿ ಮೂರನೆಯ ಒಂದು ಭಾಗವನ್ನು ಅಂಚಿನವರಿಗೆ ಪೂರ್ತಿ ಶಕ್ತಿಯಲ್ಲಿ, ಮಿಕ್ಕದ್ದನ್ನು ಹತ್ತಿರದವರಿಗೆ ಕಡಿಮೆ ಶಕ್ತಿಯಲ್ಲಿ ಕೊಡುವುದು. ಪಕ್ಕದ ಸೆಲ್ ಬೇರೆ ಮೂರನೆಯ ಭಾಗ ಆರಿಸಿಕೊಳ್ಳುವುದು. ಕೇಳಲು ಸೊಗಸು. ಆದರೆ ಟ್ರಾಫಿಕ್ ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಒಂದು ಹೊತ್ತಿನಲ್ಲಿ ಎಲ್ಲರೂ ಅಂಚಿನವರೇ ಆಗಿರಬಹುದು. ಅದಕ್ಕಿಂತ ಮುಖ್ಯವಾಗಿ, ನಿಯಂತ್ರಣದ ಸಂಕೇತಗಳು ಈ ಹಂಚಿಕೆಗೆ ಒಳಪಡುವುದೇ ಇಲ್ಲ. ರಿಲೀಸ್ 10ರಲ್ಲಿ ಬಂದ ಸುಧಾರಣೆಯಲ್ಲಿ ದೊಡ್ಡ ಸೆಲ್ ಒಂದೊಂದು ಮಿಲಿಸೆಕೆಂಡಿನ ಕೆಲವು ತುಣುಕುಗಳಲ್ಲಿ ಹೆಚ್ಚುಕಡಿಮೆ ಸುಮ್ಮನಿದ್ದು ತನ್ನ ನೆರಳಿನಲ್ಲಿರುವ ಸಣ್ಣ ಸೆಲ್ಲಿಗೆ ಜಾಗ ಬಿಡುತ್ತದೆ. ರೈಲು ನಿಲ್ದಾಣದಂಥ ಜನಜಂಗುಳಿಯಲ್ಲಿ ಇದು ಉಪಯುಕ್ತ. ಹುಬ್ಬಳ್ಳಿ ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮಿಗೆ ಒಂದೇ ದೊಡ್ಡ ಸೆಲ್ಲಿಗಿಂತ ಕಂಬಗಳ ಮೇಲಿನ ಸಣ್ಣ ಸೆಲ್‌ಗಳ ಸಾಲು ಹೆಚ್ಚು ಹೊಂದುತ್ತದೆ. ಇಷ್ಟಾದರೂ ಸಾಫ್ಟ್‌ವೇರ್‌ನ ಉಪಾಯಗಳು ತಪ್ಪು ಟಿಲ್ಟನ್ನು ಮುಚ್ಚಿಹಾಕಲಾರವು.

5ಜಿ ಬಂದ ಮೇಲೆ

2022ರ ಅಕ್ಟೋಬರ್‌ನಲ್ಲಿ ದೇಶದಲ್ಲಿ 5ಜಿ ಶುರುವಾದಾಗ ಗದ್ದಲದ ಸ್ವರೂಪವೂ ಬದಲಾಯಿತು. 4ಜಿ ಸೆಲ್ ಯಾರೂ ಇಲ್ಲದಾಗಲೂ ಗುರುತಿನ ಸಂಕೇತವನ್ನು ಬಿಡದೆ ಸಾರುತ್ತಿರುತ್ತದೆ. 5ಜಿಯಲ್ಲಿ ಆ ಅಭ್ಯಾಸ ಇಲ್ಲ; ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೊಮ್ಮೆ ಒಂದು ಕಟ್ಟು ಸಂಕೇತ ಹೊರಡುತ್ತದೆ, 3300ರ ಬ್ಯಾಂಡ್‌ನಲ್ಲಿ ಅದು ಎಂಟು ಕಿರಣಗಳವರೆಗೆ ಒಂದೊಂದೇ ದಿಕ್ಕಿಗೆ. ಖಾಲಿ ಸೆಲ್ ಬಹುಮಟ್ಟಿಗೆ ಮೌನ. ಡೇಟಾ ಕೂಡ ಫೋನಿನ ಕಡೆಗೇ ತಿರುಗಿಸಿದ ಕಿರಣದಲ್ಲಿ ಹೋಗುತ್ತದೆ. ಪಿಸಿಐ ಸಂಖ್ಯೆಗಳೂ 1008ಕ್ಕೆ ಏರಿವೆ. ಇಲ್ಲೊಂದು ಎಚ್ಚರಿಕೆ: ಎಲ್ಲ ಸೆಲ್‌ಗಳ ಆ ಕಟ್ಟು ಸಂಕೇತಗಳು ಒಂದೇ ಕ್ಷಣಕ್ಕೆ ಹೊರಡುವಂತೆ ಇಟ್ಟಿದ್ದರೆ ಅವು ಅಲ್ಲಿಯೇ ಡಿಕ್ಕಿಯಾಗುತ್ತವೆ. ಫೋನು ತೋರಿಸುವ 5ಜಿ ಎಸ್‌ಐಎನ್‌ಆರ್ ಕೆಟ್ಟದಾಗಿದ್ದರೂ ಡೇಟಾ ಚೆನ್ನಾಗಿ ಓಡುತ್ತಿರಬಹುದು.

3300 ಮೆಗಾಹರ್ಟ್ಸ್ ದೂರ ಹೋಗುವುದಿಲ್ಲ, ಗೋಡೆಗೆ ಸೋಲುತ್ತದೆ. ಗದ್ದಲದ ದೃಷ್ಟಿಯಿಂದ ಅದೊಂದು ವರ. 700 ಮೆಗಾಹರ್ಟ್ಸ್ ತದ್ವಿರುದ್ಧ. ಜಿಯೋದ 5ಜಿಯಲ್ಲೂ ಬಿಎಸ್‌ಎನ್‌ಎಲ್‌ನ 4ಜಿಯಲ್ಲೂ ಆ ಬ್ಯಾಂಡ್ ಇದೆ. ಮನೆಯೊಳಗೆ ನುಗ್ಗುತ್ತದೆ, ಬಯಲಿನಲ್ಲಿ ಬಹುದೂರ ಹರಡುತ್ತದೆ. ಅದೇ ಆಂಟೆನಾ ಪೆಟ್ಟಿಗೆಯೊಳಗಿನ 1800ಕ್ಕೆ ಇಟ್ಟ ಟಿಲ್ಟನ್ನೇ 700ಕ್ಕೂ ಇಟ್ಟರೆ ಧಾರವಾಡದ ದಿಬ್ಬದ ಲೆಕ್ಕ ಮತ್ತೆ ಎದುರಾಗುತ್ತದೆ.

3300ರಲ್ಲೂ 2300ರ 4ಜಿಯಲ್ಲೂ ಹೋಗುವ ಬರುವ ದಾರಿ ಒಂದೇ, ಸರದಿ ಮಾತ್ರ ಬೇರೆ. ಆದ್ದರಿಂದ ಊರಿನ ಎಲ್ಲ ಸೆಲ್‌ಗಳ ಗಡಿಯಾರ 3 ಮೈಕ್ರೊಸೆಕೆಂಡಿನೊಳಗೆ ಹೊಂದಿರಬೇಕು. ಒಂದು ಸೆಲ್ಲಿನ ಜಿಪಿಎಸ್ ಕೇಬಲ್ ತುಂಡಾಗಿ ಗಡಿಯಾರ ಸರಿದರೆ, ಮಿಕ್ಕವರು ಕಿವಿಗೊಡುವ ಹೊತ್ತಿನಲ್ಲಿ ಅದು ಹತ್ತಾರು ವ್ಯಾಟ್‌ನಲ್ಲಿ ಮಾತಾಡುತ್ತದೆ, ಸುತ್ತಲಿನ ಸೆಲ್‌ಗಳೆಲ್ಲ ಕಿವುಡಾಗುತ್ತವೆ. ಅಂಥ ಸೆಲ್ಲನ್ನು ಆರಿಸಿಬಿಡುವುದೇ ಲೇಸು. ಗಡಿಯಾರ ಸರಿಯಿದ್ದರೂ ಚಳಿಗಾಲದ ನಸುಕಿನಲ್ಲಿ ಒಂದು ಚೋದ್ಯ ನಡೆಯಬಹುದು. ನೆಲದ ಬಳಿ ತಣ್ಣನೆಯ ಗಾಳಿ, ಮೇಲೆ ಬಿಸಿ ಗಾಳಿ ಪದರ ಕಟ್ಟಿದಾಗ ಸಿಗ್ನಲ್ ಅದರೊಳಗೆ ಸಿಕ್ಕಿ ದೂರ ಸಾಗುತ್ತದೆ. ಹೋಗುವ ಬರುವ ಸರದಿಗಳ ನಡುವೆ ಬಿಡುವ ವಿರಾಮ 143 ಮೈಕ್ರೊಸೆಕೆಂಡ್ ಇದ್ದರೆ 43 ಕಿ.ಮೀ.ವರೆಗೆ ರಕ್ಷಣೆ ಸಿಗುತ್ತದೆ. ಹುಬ್ಬಳ್ಳಿಯಿಂದ ಗದಗ ನೇರ ಗೆರೆಯಲ್ಲಿ ಸುಮಾರು 55 ಕಿ.ಮೀ., 183 ಮೈಕ್ರೊಸೆಕೆಂಡ್. ಅಂಥ ಪದರ ಕಟ್ಟಿದ ನಸುಕಿನಲ್ಲಿ ಗದಗದ ಬಾಲ ಹುಬ್ಬಳ್ಳಿಯ ಕಿವಿಯೊಳಗೆ 40 ಮೈಕ್ರೊಸೆಕೆಂಡ್ ಹೊಕ್ಕುತ್ತದೆ. ಬಿಸಿಲೇರಿದಂತೆ ತಾನೇ ಕರಗುವ ತೊಂದರೆ ಇದು. ಬೆಳಿಗ್ಗೆ ಹತ್ತಕ್ಕೆ ಪರೀಕ್ಷೆಗೆ ಬಂದವರಿಗೆ ಏನೂ ಸಿಗುವುದಿಲ್ಲ.

ದೂರು ಕೊಡುವ ಮುಂಚೆ

ಬಳಕೆದಾರರು ಕಡ್ಡಿ ಎಣಿಸುವ ಬದಲು ಅಂಕಿ ನೋಡಬಹುದು. ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ *#*#4636*#*# ಒತ್ತಿದರೆ, ಐಫೋನಿನಲ್ಲಿ *3001#12345#* ಡಯಲ್ ಮಾಡಿದರೆ ಅಳತೆಯ ಪುಟ ತೆರೆಯುತ್ತದೆ. ಆರ್‌ಎಸ್‌ಆರ್‌ಪಿ ಮೈನಸ್ 90ಕ್ಕಿಂತ ಚೆನ್ನಾಗಿದ್ದು, ಆರ್‌ಎಸ್‌ಆರ್‌ಕ್ಯೂ (ಸಿಗ್ನಲ್‌ನ ಗುಣಮಟ್ಟದ ಅಳತೆ) ಮೈನಸ್ 15ಕ್ಕಿಂತ ಕೆಳಗೆ, ಎಸ್‌ಐಎನ್‌ಆರ್ 3ಕ್ಕಿಂತ ಕಡಿಮೆ ಇದ್ದರೆ ಅದು ಗದ್ದಲ. ಎಸ್‌ಐಎನ್‌ಆರ್ 15 ದಾಟಿಯೂ ಸಂಜೆ ವೇಗ ಇಲ್ಲವೆಂದರೆ ಅದು ಜನಸಂದಣಿ. ಅಲ್ಲಿ ಹೊಸ ಟವರ್ ಅಥವಾ ಹೆಚ್ಚಿನ ಸ್ಪೆಕ್ಟ್ರಮ್ ಕೇಳುವುದು ಸರಿ. ಆರ್‌ಎಸ್‌ಆರ್‌ಪಿಯೇ ಮೈನಸ್ 115 ಇದ್ದರೆ ನಿಜಕ್ಕೂ ಸಿಗ್ನಲ್ ಬರ. ಮಧ್ಯಾಹ್ನ ಒಮ್ಮೆ, ರಾತ್ರಿ ಎರಡರ ಸುಮಾರಿಗೆ ಒಮ್ಮೆ ಅಳೆದರೆ ಇನ್ನಷ್ಟು ತಿಳಿಯುತ್ತದೆ. ರಾತ್ರಿ ಎಸ್‌ಐಎನ್‌ಆರ್ ಏರಿದರೆ ನೆರೆಯ ಸೆಲ್ಲಿನ ಟ್ರಾಫಿಕ್, ರಾತ್ರಿಯೂ ಏರದಿದ್ದರೆ ಪಿಸಿಐ ಅಥವಾ ಟಿಲ್ಟ್ ಮೇಲೆ ಅನುಮಾನ ಪಡಬೇಕು.

198ಕ್ಕೆ ಕರೆ ಮಾಡಿ 'ನೆಟ್ ಸ್ಲೋ' ಎಂದರೆ ಫೋನ್ ಆಫ್ ಮಾಡಿ ಆನ್ ಮಾಡಿ ಎಂಬ ಉತ್ತರ ಬರುತ್ತದೆ. ಜಾಗ, ಮಾಳಿಗೆ, ಹೊತ್ತು, ಬ್ಯಾಂಡ್, ಪಿಸಿಐ, ಮೂರೂ ಅಂಕಿ ಬರೆದು ಸ್ಕ್ರೀನ್‌ಶಾಟ್ ಜೊತೆ ಲಿಖಿತವಾಗಿ ಕೊಟ್ಟು ದೂರಿನ ಸಂಖ್ಯೆ ಪಡೆದರೆ ಅದು ರೇಡಿಯೋ ಎಂಜಿನಿಯರ್ ಮೇಜಿಗೆ ಹೋಗುವ ಸಾಧ್ಯತೆ ಹೆಚ್ಚು. ಪರಿಹಾರ ಸಿಗದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2024ರ ಆಗಸ್ಟ್ 2ರಂದು ಹೊರಡಿಸಿ ಅಕ್ಟೋಬರ್ 1ರಿಂದ ಜಾರಿಗೆ ತಂದ ಸೇವಾ ಗುಣಮಟ್ಟದ ನಿಯಮಗಳಲ್ಲಿ ಕಂಪನಿಗಳು ತಮ್ಮ ವ್ಯಾಪ್ತಿಯ ನಕ್ಷೆಯನ್ನು ವೆಬ್‌ಸೈಟಿನಲ್ಲಿ ಹಾಕಬೇಕೆಂದಿದೆ. ಒಳ್ಳೆಯ ಹೆಜ್ಜೆಯೇ. ಆದರೆ ವ್ಯಾಪ್ತಿಯ ನಕ್ಷೆ ಹೇಳುವುದು ಸಿಗ್ನಲ್ ತಲುಪುತ್ತದೆಯೇ ಎಂಬುದನ್ನಷ್ಟೇ. ವಿದ್ಯಾನಗರದ ಆ ಮೂರನೆಯ ಮಾಳಿಗೆಯ ಕೋಣೆ ಅದರಲ್ಲಿ ಗಾಢ ಬಣ್ಣದಲ್ಲೇ ಇರುತ್ತದೆ. ಎಸ್‌ಐಎನ್‌ಆರ್‌ನ ನಕ್ಷೆ ಕಂಪನಿಗಳ ಬಳಿ ಇರುವುದು ಕಷ್ಟದ ಮಾತಲ್ಲ, ಗಾಡಿಯಲ್ಲಿ ಸುತ್ತಿ ಮಾಡುವ ಡ್ರೈವ್ ಟೆಸ್ಟ್‌ಗಳಲ್ಲಿ ಅದನ್ನು ಅಳೆದೇ ಅಳೆಯುತ್ತಾರೆ. ಮಹಾನಗರ ಪಾಲಿಕೆಯ ವಾರ್ಡ್ ಸಭೆಗಳಲ್ಲಿ ಟವರ್ ಬೇಕು ಬೇಡ ಎಂಬ ಜಗಳಕ್ಕೆ ಮೊದಲು ಆ ನಕ್ಷೆಯನ್ನು ಮೇಜಿನ ಮೇಲೆ ಇಡಿ ಎಂದು ಕೇಳಬೇಕು. ಕೆಂಪು ಕಂಡ, ಅಂದರೆ ಎಸ್‌ಐಎನ್‌ಆರ್ ಕೆಟ್ಟಿರುವ, ಜಾಗದ ಮೇಲೆ ಎಷ್ಟು ಸೆಲ್‌ಗಳು 5 ಡಿಬಿ ಅಂತರದೊಳಗೆ ಬೀಳುತ್ತಿವೆ ಎಂದು ಎಣಿಸಿ: ಸೊನ್ನೆ ಅಥವಾ ಒಂದು ಇದ್ದರೆ ಟವರಿಗೆ ಜಾಗ ಹುಡುಕಿ, ನಾಲ್ಕೈದು ಇದ್ದರೆ ಅವುಗಳಲ್ಲಿ ಯಾವುದನ್ನು ಬಾಗಿಸುತ್ತೀರಿ, ಎಷ್ಟು ಡಿಗ್ರಿ, ಯಾವ ದಿನಾಂಕದೊಳಗೆ ಎಂದು ಬರೆಸಿಕೊಳ್ಳಿ.